ತೊಟ್ಟಿಲು, ಜೋಲಿ, ಕಾಟ್: ಕೂಸನ್ನು ಎಲ್ಲಿ ಮಲಗಿಸೋಣ?

ನಮ್ಮ ಬಹಳಷ್ಟು ಮನೆಗಳಲ್ಲಿ ಕೂಸು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಕೊಂಡು ತರುವುದಿಲ್ಲ. ಹಳೆಯ ಪಂಚೆ, ಸೀರೆಗಳನ್ನು ಒಗೆದು ಹರಿದಿಟ್ಟರೆ ಸಾಕು, ಉಳಿದದ್ದು ಆಮೇಲೆ ಎನ್ನುವುದು ಹಿರಿಯರ ಮಾತು. ಹಾಗಾಗಿ ಕಾಟ್ ಕೊಳ್ಳುವ ಕೆಲಸ ಹೆರಿಗೆಯಾದ ಮೇಲಿನ ಗಡಿಬಿಡಿಯಲ್ಲಿ, ನಿದ್ದೆಗೆಟ್ಟ ಅಪ್ಪನ ಅಥವಾ ಹುರುಪಿನ ಸೋದರಮಾವನ ಪಾಲಿಗೆ ಬರುತ್ತದೆ. ಫೋನಿನಲ್ಲಿ ಹುಡುಕಿದರೆ ಅಂಗಡಿಗಳು ತೋರಿಸುವುದು ಹೆಚ್ಚುಕಡಿಮೆ ಒಂದೇ ಚಿತ್ರ. ಬಿಳಿ ಬಣ್ಣದ ಕಾಟ್, ಸರಳುಗಳ ಸುತ್ತ ಮೆತ್ತನೆಯ ಬಂಪರ್, ತಲೆಗೊಂದು ಪುಟ್ಟ ದಿಂಬು, ಎರಡು ಮಗ್ಗುಲಿಗೆ ಎರಡು ಉದ್ದ ದಿಂಬು, ಮೇಲೆ ರಜಾಯಿ, ಮೂಲೆಯಲ್ಲೊಂದು ಕರಡಿ ಬೊಂಬೆ. ಇದರಲ್ಲಿ ಕೂಸಿಗೆ ಬೇಕಾದವು ಎರಡೇ: ಕಾಟ್ ಮತ್ತು ಹಾಸಿಗೆ. ಮಿಕ್ಕಿದ್ದೆಲ್ಲ ದುಡ್ಡು ಕೊಟ್ಟು ಮನೆಗೆ ತಂದ ಅಪಾಯ. ಕಳೆದ ನಾಲ್ಕು ದಶಕಗಳಲ್ಲಿ ಶಿಶುಗಳ ನಿದ್ದೆಯ ಬಗ್ಗೆ ವೈದ್ಯಲೋಕ ಕಲಿತದ್ದನ್ನು ಒಟ್ಟಿಗಿಟ್ಟು ನೋಡಿದರೆ, ಅದು ಬಹುಮಟ್ಟಿಗೆ ಹಾಸಿಗೆಯಿಂದ ಒಂದೊಂದನ್ನೇ ತೆಗೆದುಹಾಕುತ್ತ ಬಂದ ಕಥೆ.

ಆ ಕಥೆ ಶುರುವಾಗುವುದು ಒಂದು ದೊಡ್ಡ ಪ್ರಮಾದದಿಂದ. ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಬರೆದ ಶಿಶುಪಾಲನೆಯ ಪುಸ್ತಕ 1946ರಲ್ಲಿ ಬಂತು, ಕೋಟಿಗಟ್ಟಲೆ ಪ್ರತಿ ಖರ್ಚಾಯಿತು. 1950ರ ದಶಕದ ಕೊನೆಯ ಹೊತ್ತಿನ ಆವೃತ್ತಿಗಳಿಂದ ಅದು ಕೂಸನ್ನು ಬೋರಲು ಮಲಗಿಸಿ ಎಂದು ಸಲಹೆ ಕೊಡತೊಡಗಿತು. ಅಂಗಾತ ಮಲಗಿದ ಕೂಸು ಹಾಲು ಕಕ್ಕಿದರೆ ಅದು ಗಂಟಲಿಗೆ ಸಿಕ್ಕೀತು ಎಂಬುದು ಕಾರಣ. ನಮ್ಮ ಅಜ್ಜಿಯರದೂ ಇದೇ ಭಯ, ಕೇಳಿದರೆ ಸರಿಯೆನಿಸುತ್ತದೆ. ಆದರೆ ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಶ್ವಾಸನಾಳ ಸೇರುವುದು ಕಷ್ಟ. ಬೋರಲು ಹಾಕಿದರೆ ಈ ಕ್ರಮ ತಲೆಕೆಳಗಾಗುತ್ತದೆ. ಜೊತೆಗೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವುದು, ಮೈ ಬಿಸಿ ಏರುವುದು, ಎಚ್ಚರಗೊಳ್ಳಲಾಗದಷ್ಟು ಗಾಢ ನಿದ್ದೆ ಇವೂ ಸೇರಿಕೊಳ್ಳುತ್ತವೆ.

ರಾತ್ರಿ ಮಲಗಿಸಿದ ಆರೋಗ್ಯವಂತ ಕೂಸು ಬೆಳಗ್ಗೆ ಏಳದೇ ಹೋಗುವುದಕ್ಕೆ ವೈದ್ಯರು ಸಿಡ್ಸ್ ಎಂದು ಹೆಸರಿಟ್ಟಿದ್ದಾರೆ. ಎರಡರಿಂದ ನಾಲ್ಕು ತಿಂಗಳ ಕೂಸುಗಳಲ್ಲಿ ಇದು ಹೆಚ್ಚು. 1980ರ ದಶಕದ ಕೊನೆಗೆ ನೆದರ್‌ಲೆಂಡ್ಸ್ ಮತ್ತು ನ್ಯೂಜಿಲೆಂಡ್‌ಗಳಲ್ಲಿ ನಡೆದ ಅಧ್ಯಯನಗಳು ಬೋರಲು ಮಲಗಿಸುವುದರ ಕಡೆಗೆ ಬೆರಳು ತೋರಿದವು. 1991ರಲ್ಲಿ ಬ್ರಿಟನ್, 1994ರಲ್ಲಿ ಅಮೆರಿಕ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಕೈಗೊಂಡವು. ಕೆಲವೇ ವರ್ಷಗಳಲ್ಲಿ ಸಿಡ್ಸ್ ಸಾವುಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಲಸಿಕೆ, ಔಷಧ ಯಾವುದೂ ಇಲ್ಲದೆ ಕೂಸಿನ ಮುಖವನ್ನು ಮೇಲಕ್ಕೆ ತಿರುಗಿಸಿದ್ದಷ್ಟಕ್ಕೇ ಬಂದ ಫಲ ಇದು. 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಇನ್ನೂ ಕಹಿಯಾದ ಲೆಕ್ಕ ಹೇಳಿತು. 1970ರ ಹೊತ್ತಿಗೇ ಪುರಾವೆ ಕಣ್ಣಮುಂದಿತ್ತು. ಆಗಲೇ ಎಚ್ಚೆತ್ತಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪು, ಅಮೆರಿಕ, ಆಸ್ಟ್ರೇಲಿಯಾ ಕಡೆಗಳಲ್ಲಿ ಕನಿಷ್ಠ 50,000 ಕೂಸುಗಳು ಉಳಿಯುತ್ತಿದ್ದವು ಎಂದು. ನಮ್ಮ ಕಡೆ ತೊಟ್ಟಿಲಲ್ಲಿ ಅಂಗಾತ ಮಲಗಿಸುವುದೇ ರೂಢಿ. ಅದನ್ನು ಬಿಡುವ ಕಾರಣ ಯಾವುದೂ ಇಲ್ಲ. ಕೂಸು ತಾನಾಗಿ ಬೋರಲು ಬೀಳುವುದನ್ನು ಕಲಿತು, ಮನೆಯವರು ಸಿಹಿ ಮಾಡಿ ಹಂಚಿದ ಮೇಲೆ, ನಿದ್ದೆಯಲ್ಲಿ ತಿರುಗಿಕೊಂಡರೆ ಪ್ರತಿ ಸಲ ಎದ್ದು ಮಗುಚಬೇಕಾಗಿಲ್ಲ. ಮಲಗಿಸುವಾಗ ಮಾತ್ರ ಅಂಗಾತ. ತಲೆ ಚಪ್ಪಟೆಯಾಗುತ್ತದೆ ಎಂಬ ಆತಂಕಕ್ಕೆ ಎಚ್ಚರವಿದ್ದಾಗ ಕಣ್ಣಮುಂದೆ ಬೋರಲು ಹಾಕಿ ಆಡಿಸುವುದೇ ಮದ್ದು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು ಆ ಕೆಲಸಕ್ಕೆ ಬೇಕಿಲ್ಲ.

ಇನ್ನು ಕಾಟಿನ ಮೈಕಟ್ಟು. ಕೂಸುಗಳು ಸರಳುಗಳ ನಡುವೆ ಸಿಕ್ಕಿಕೊಳ್ಳುವ ಬಗೆ ವಿಚಿತ್ರ. ಮೊದಲು ಕಾಲು ಜಾರುತ್ತದೆ, ಹಿಂದೆಯೇ ಸೊಂಟ, ಎದೆ ಜಾರುತ್ತವೆ, ತಲೆ ಮಾತ್ರ ಒಳಗೇ ಉಳಿದು ಕೂಸು ನೇತಾಡುತ್ತದೆ. ಅದಕ್ಕೇ ಅಮೆರಿಕ 1970ರ ದಶಕದಲ್ಲಿ ಸರಳುಗಳ ನಡುವಿನ ಸಂದು ಎರಡೂವರೆ ಅಂಗುಲಕ್ಕೂ ಕಡಿಮೆ, ಅಂದರೆ ಸುಮಾರು 6 ಸೆಂಟಿಮೀಟರ್ ಮೀರಕೂಡದು ಎಂದು ಕಟ್ಟುಮಾಡಿತು. ಯುರೋಪಿನ ಇಎನ್ 716 ಮಾನದಂಡ 4.5ರಿಂದ 6.5 ಸೆಂಟಿಮೀಟರ್ ಎನ್ನುತ್ತದೆ. ಅಂಗಡಿಯಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ ತಂಪು ಪಾನೀಯದ ದಪ್ಪ ಡಬ್ಬಿಯೊಂದನ್ನು ಸಂದಿಗೆ ತೂರಿಸಿ ನೋಡಬಹುದು, ಅದು ಸಲೀಸಾಗಿ ಹೊರಬಂದರೆ ಆ ಕಾಟ್ ಬೇಡ. ಹಾಸಿಗೆ ಮತ್ತು ಪಕ್ಕದ ಕಟ್ಟಿನ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು, ಅಲ್ಲಿ ಮುಖ ಹೂತುಹೋಗುತ್ತದೆ. ಕೂಸು ಎದ್ದು ಕೂರುವ ಹೊತ್ತಿಗೆ ಹಾಸಿಗೆಯ ಹಲಗೆಯನ್ನು ತೀರಾ ಕೆಳಗಿನ ಮಟ್ಟಕ್ಕೆ ಇಳಿಸಬೇಕು. ಆಗ ಹಾಸಿಗೆಯ ಮೇಲ್ಮೈಯಿಂದ ಕಟ್ಟಿನ ತುದಿಗೆ 50 ಸೆಂಟಿಮೀಟರ್ ಆದರೂ ಎತ್ತರ ಇರಬೇಕು. ಮೂಲೆಯ ಕಂಬಗಳು ಗೋಪುರದ ಹಾಗೆ ಮೇಲೆದ್ದಿದ್ದರೆ ನೋಡಲು ಚೆಂದ, ಆದರೆ ಅಂಗಿಯ ಕುತ್ತಿಗೆ ಅದಕ್ಕೆ ಸಿಕ್ಕಿಕೊಂಡು ಮಕ್ಕಳು ಸತ್ತದ್ದುಂಟು. ಕುತ್ತಿಗೆ ಎಂದಾಗ ನಮ್ಮದೇ ಒಂದು ಮಾತು: ದೃಷ್ಟಿ ತಾಗದಿರಲೆಂದು ಕಟ್ಟುವ ಕರಿದಾರ, ಚಿನ್ನದ ಎಳೆ, ತಾಯಿತ ಏನೇ ಇರಲಿ, ಮಲಗಿಸುವಾಗ ಕುತ್ತಿಗೆಯಿಂದ ತೆಗೆದಿಡುವುದು ಒಳ್ಳೆಯದು. ಸೊಂಟದ ಉಡಿದಾರಕ್ಕೆ ಈ ತಕರಾರಿಲ್ಲ.

ಒಂದು ಕಡೆಯ ಕಟ್ಟನ್ನು ಮೇಲೆ ಕೆಳಗೆ ಜಾರಿಸುವ ಕಾಟುಗಳು ಬಹಳ ಕಾಲ ಜನಪ್ರಿಯವಾಗಿದ್ದವು. ಬಾಣಂತಿ ಬಗ್ಗದೆ ಕೂಸನ್ನು ಎತ್ತಿಕೊಳ್ಳಬಹುದಲ್ಲ. ಬಳಸಿ ಬಳಸಿ ಪ್ಲಾಸ್ಟಿಕ್ ಕೊಂಡಿ ಸವೆದು ಕಟ್ಟು ಒಂದು ತುದಿಯಲ್ಲಿ ಕಳಚಿದಾಗ ಹುಟ್ಟುವ ಸಂದಿನಲ್ಲಿ ಕೂಸು ಸಿಕ್ಕಿಹಾಕಿಕೊಳ್ಳುತ್ತಿತ್ತು. 2000ದಿಂದೀಚೆಗೆ ಇಂಥ 30ಕ್ಕೂ ಹೆಚ್ಚು ಸಾವುಗಳು ದಾಖಲಾದ ಮೇಲೆ ಅಮೆರಿಕ 2011ರ ಜೂನ್‌ನಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿತು. ನಾಲ್ಕೂ ಕಡೆ ಭದ್ರವಾಗಿ ನಿಂತ ಕಟ್ಟೇ ಸರಿ, ಬೆನ್ನಿಗೆ ಸ್ವಲ್ಪ ಶ್ರಮವಾದರೂ ಚಿಂತೆಯಿಲ್ಲ.

ಇದಕ್ಕಿಂತ ಪಾಠ ಕಲಿಸುವ ಪ್ರಸಂಗ ಫಿಶರ್-ಪ್ರೈಸ್ ಕಂಪನಿಯ ರಾಕ್ ಎನ್ ಪ್ಲೇ ಎಂಬ ಓರೆ ತೊಟ್ಟಿಲಿನದು. 2009ರಲ್ಲಿ ಮಾರುಕಟ್ಟೆಗೆ ಬಂದ ಇದರಲ್ಲಿ ಕೂಸು ಅರ್ಧ ಒರಗಿಕೊಂಡಂತೆ ಮಲಗುತ್ತಿತ್ತು. ರಚ್ಚೆ ಹಿಡಿದ ಕೂಸುಗಳೂ ಅದರಲ್ಲಿ ನಿದ್ದೆ ಹೋಗುತ್ತಿದ್ದವು, ತಾಯಂದಿರು ಅದನ್ನು ಕೊಂಡಾಡುತ್ತಿದ್ದರು. ಆದರೆ ಪುಟ್ಟ ಕೂಸಿನ ತಲೆ ಭಾರ, ಕುತ್ತಿಗೆಗೆ ಬಲವಿಲ್ಲ. ಓರೆಯಾಗಿ ಮಲಗಿದಾಗ ಗದ್ದ ಎದೆಗೆ ತಗುಲಿ, ಹುಲ್ಲುಕಡ್ಡಿಯಷ್ಟು ತೆಳ್ಳಗಿನ ಶ್ವಾಸನಾಳ ಮಡಚಿಕೊಳ್ಳುತ್ತದೆ. ಸದ್ದೂ ಆಗುವುದಿಲ್ಲ. 30ಕ್ಕೂ ಹೆಚ್ಚು ಸಾವುಗಳ ಸುದ್ದಿಯ ನಂತರ 2019ರ ಏಪ್ರಿಲ್‌ನಲ್ಲಿ ಕಂಪನಿ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ವಾಪಸು ಕರೆಯಿತು. 2022ರ ಮೇ ತಿಂಗಳಲ್ಲಿ ಅಮೆರಿಕದ ಕಾನೂನು 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶುಹಾಸಿಗೆಗಳನ್ನೂ ಮೆತ್ತನೆಯ ಬಂಪರ್‌ಗಳನ್ನೂ ನಿಷೇಧಿಸಿತು. ಕೂಸು ಎಲ್ಲಿ ಬೇಗ ನಿದ್ದೆ ಹೋಗುತ್ತದೋ ಅದೇ ಅದಕ್ಕೆ ಹಿತ ಎಂಬ ನಮ್ಮ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಈ ಪ್ರಸಂಗವನ್ನು ಓದುವಾಗ ನಮ್ಮ ಜೋಲಿ ನೆನಪಾಗದೆ ಇರದು. ಹೊಲದ ಬದುವಿನ ಮರಕ್ಕೆ, ಕಟ್ಟಡದ ಕೆಲಸ ನಡೆಯುವ ಕಡೆ ಕಂಬಕ್ಕೆ, ಊರ ಮನೆಯ ತೊಲೆಗೆ ಸೀರೆ ಕಟ್ಟಿ ಕೂಸನ್ನು ತೂಗುವುದು ಬಡತನದ ಉಪಾಯವೂ ಹೌದು, ಬಲು ಜಾಣ ಉಪಾಯವೂ ಹೌದು. ನೆಲದ ಇರುವೆ, ಚೇಳು, ಹಾವಿನಿಂದ ಅದು ಕಾಪಾಡುತ್ತದೆ, ಗಾಳಿಯೂ ಆಡುತ್ತದೆ. ಆದರೆ ಬಟ್ಟೆ ಬಿಲ್ಲಿನಂತೆ ಬಾಗಿದಾಗ ಕೂಸಿನ ಬೆನ್ನೂ ಬಾಗುತ್ತದೆ, ಗದ್ದ ಎದೆಗಿಳಿಯುತ್ತದೆ. ಮೊದಲ ತಿಂಗಳುಗಳಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದ ಕೂಸಿಗೆ ಇದು ಒಳ್ಳೆಯದಲ್ಲ. ಈಗ ಊರೂರಲ್ಲೂ ಸಿಗುವ ಸ್ಟೀಲ್ ಸ್ಟ್ಯಾಂಡಿನ ಜೋಲಿ, ಸ್ಪ್ರಿಂಗ್ ಹಾಕಿ ಮೇಲೆ ಕೆಳಗೆ ಕುಣಿಸುವ ಜೋಲಿ ಇವಕ್ಕೂ ಇದೇ ಮಾತು. ಇನ್ನೊಂದು ಅಪಾಯ ಕೂಸಿನದಲ್ಲ, ಅದರ ಅಣ್ಣ ಅಕ್ಕಂದಿರದು: ಖಾಲಿ ಜೋಲಿಯಲ್ಲಿ ಕೂತು ತಿರುಚಿಕೊಂಡು ಆಡುವ ದೊಡ್ಡ ಮಕ್ಕಳ ಕುತ್ತಿಗೆಗೆ ಸೀರೆ ಬಿಗಿದ ದುರಂತಗಳು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಖಾಲಿ ತೊಟ್ಟಿಲು ತೂಗಬಾರದು ಎಂಬ ಹಿರಿಯರ ಕಟ್ಟಳೆಗೆ ಹೊಟ್ಟೆನೋವು ಬರುತ್ತದೆ ಎಂಬ ಕಾರಣ ಕೊಡುತ್ತಿದ್ದರೂ, ಜೋಲಿಯ ಮಟ್ಟಿಗೆ ಆ ಕಟ್ಟಳೆ ಉಪಯೋಗಕ್ಕೇ ಬಂದೀತು. ಆದ್ದರಿಂದ ಜೋಲಿಯನ್ನು ಬಿಡಿ ಎನ್ನುವುದಕ್ಕಿಂತ, ಯಾರಾದರೂ ಎದುರಿಗೆ ಕೂತಿರುವಾಗ ಮಾತ್ರ ಬಳಸಿ, ಕೂಸು ನಿದ್ದೆ ಹೋದ ಮೇಲೆ ಸಪಾಟು ಜಾಗಕ್ಕೆ ಬದಲಿಸಿ, ಕೆಲಸ ಮುಗಿದ ಮೇಲೆ ಬಿಚ್ಚಿಡಿ ಎನ್ನುವುದು ನಡೆಯುವ ಮಾತು.

ಮರದ ತೊಟ್ಟಿಲಿನ ಕಥೆ ಬೇರೆ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಉತ್ತರ ಕರ್ನಾಟಕದ ತವರುಮನೆಗಳ ಹೆಮ್ಮೆ. ತೇಗದ ಮರ, ಅರಗಿನ ಬಣ್ಣ, ಪಟ್ಟಿಗಳ ತುಂಬ ರಾಮಾಯಣ ಮಹಾಭಾರತದ ಚಿತ್ರ. ತಲೆಮಾರು ದಾಟಿದರೂ ಬಣ್ಣ ಮಾಸದ ಇವನ್ನು ಮಾಡುವ ಚಿತ್ರಗಾರ ಮನೆತನಗಳು ಇಂದು ಬೆರಳೆಣಿಕೆಯಷ್ಟು. ಮೇದಾರರು ಹೆಣೆಯುವ ಬಿದಿರಿನ ತೊಟ್ಟಿಲು ಅಗ್ಗ, ಹಗುರ, ಗಾಳಿಯಾಡುವಂಥದ್ದು. ಎರಡರಲ್ಲೂ ತಳ ಸಮವಾಗಿದ್ದರೆ ಜೋಲಿಗಿಂತ ಎಷ್ಟೋ ಮೇಲು. ತೊಂದರೆ ಬರುವುದು ಪಕ್ಕದ ಕಟ್ಟು ಗಿಡ್ಡವಾಗಿರುವುದರಿಂದ. ಐದಾರು ತಿಂಗಳಿಗೆ ಕೂಸು ಮಗುಚಿ ಮೊಣಕಾಲೂರಲು ನೋಡಿದ ದಿನವೇ ತೊಟ್ಟಿಲಿನ ಕಾಲ ಮುಗಿಯಿತು. ಸರಪಳಿ, ಕೊಕ್ಕೆ, ಅದು ನೇತಾಡುವ ತೊಲೆ ಮೂರನ್ನೂ ಮೊದಲೇ ಪರೀಕ್ಷಿಸಬೇಕು. ತೊಟ್ಟಿಲ ಶಾಸ್ತ್ರದಲ್ಲಿ ಕೂಸಿಗಿಂತ ಮೊದಲು ರುಬ್ಬುವ ಗುಂಡನ್ನು ಸಿಂಗರಿಸಿ ತೊಟ್ಟಿಲಿಗೆ ಹಾಕುವ ಪದ್ಧತಿ ಕೆಲವು ಮನೆಗಳಲ್ಲಿದೆ. ಶಾಸ್ತ್ರಕಾರರ ಮನಸ್ಸಿನಲ್ಲಿ ಏನಿತ್ತೋ, ಭಾರ ತಾಳುವ ಪರೀಕ್ಷೆಯಾಗಿ ಅದು ಇಂದಿನ ಯಾವ ಪ್ರಯೋಗಾಲಯಕ್ಕೂ ಕಡಿಮೆಯಿಲ್ಲ.

ಇಷ್ಟೆಲ್ಲ ಹೇಳಿದರೂ ನಿಜ ಏನೆಂದರೆ, ನಮ್ಮಲ್ಲಿ ಹೆಚ್ಚಿನ ಕೂಸುಗಳು ರಾತ್ರಿ ಮಲಗುವುದು ತಾಯಿಯ ಮಗ್ಗುಲಲ್ಲಿ. ಸಾವಿರಾರು ರೂಪಾಯಿಯ ಕಾಟ್ ಒಗೆದ ಬಟ್ಟೆ ಇಡುವ ಜಾಗವಾಗಿರುವ ಮನೆಗಳನ್ನು ಎಲ್ಲರೂ ನೋಡಿರುತ್ತೇವೆ. ತಾಯಿ ಮಗು ಒಂದೇ ಹಾಸಿಗೆಯಲ್ಲಿ ಮಲಗುವ ವಿಷಯದಲ್ಲಿ ವೈದ್ಯಲೋಕ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೂ ‘ಒಂದೇ ಕೋಣೆ ಸರಿ, ಒಂದೇ ಹಾಸಿಗೆ ಬೇಡ’ ಎಂಬ ನಿಲುವನ್ನು ಬಿಡಲಿಲ್ಲ. ಕನಿಷ್ಠ ಆರು ತಿಂಗಳು ಕೂಸು ಹೆತ್ತವರ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಇರಲಿ ಎಂದಿತು. ಜೇಮ್ಸ್ ಮೆಕೆನ್ನಾ ಎಂಬ ಮಾನವಶಾಸ್ತ್ರಜ್ಞ ತಾಯಿ ಮಗು ಜೊತೆಯಾಗಿ ಮಲಗುವುದನ್ನು ಪ್ರಯೋಗಾಲಯದಲ್ಲಿ ಗಮನಿಸಿ ಬೇರೆ ಮಾತು ಹೇಳಿದರು: ಎದೆಹಾಲು ಕುಡಿಯುವ ಕೂಸು ಮತ್ತು ತಾಯಿ ಒಬ್ಬರ ಮಿಸುಕಾಟಕ್ಕೆ ಇನ್ನೊಬ್ಬರು ಎಚ್ಚರಗೊಳ್ಳುತ್ತಿರುತ್ತಾರೆ, ಇದು ಮನುಷ್ಯರ ಸಹಜ ಏರ್ಪಾಡು ಎಂದು. ಎದೆಹಾಲಿನ ವೈದ್ಯರ ಅಂತಾರಾಷ್ಟ್ರೀಯ ಸಂಘಟನೆಯೂ 2020ರಲ್ಲಿ, ಅಪಾಯದ ಸಂಗತಿಗಳಿಲ್ಲದ ಕಡೆ ಜೊತೆ ಮಲಗುವುದನ್ನು ಒಪ್ಪಿತು.

ನನಗೆ ಈ ಎರಡನೆಯ ಮಾತು ಹೆಚ್ಚು ಒಪ್ಪಿಗೆ, ಷರತ್ತುಗಳೊಂದಿಗೆ. ಜೊತೆಯಲ್ಲಿ ಮಲಗುವವರು ಯಾರೂ ಕುಡಿದಿರಬಾರದು, ಬೀಡಿ ಸಿಗರೇಟು ಸೇದುವವರಾಗಿರಬಾರದು, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡಿರಬಾರದು. ಕೂಸು ತಾಯಿಯ ಮಗ್ಗುಲಲ್ಲಿರಲಿ, ಅಪ್ಪ ಅಮ್ಮನ ನಡುವೆ ಬೇಡ. ಹಾಸಿಗೆ ಗಟ್ಟಿಯಾಗಿರಬೇಕು, ದೊಡ್ಡವರ ರಗ್ಗು ದಿಂಬು ಕೂಸಿನ ಕಡೆ ಬರಬಾರದು. ಈ ಪರೀಕ್ಷೆಯಲ್ಲಿ ನೆಲದ ಮೇಲೆ ಹಾಸಿದ ಚಾಪೆ, ತೆಳು ಹಾಸಿಗೆ ಎತ್ತರದ ಮಂಚದ ಮೇಲಿನ ಫೋಮ್ ಹಾಸಿಗೆಗಿಂತ ಚೆನ್ನಾಗಿ ಪಾಸಾಗುತ್ತವೆ, ಬೀಳುವ ಭಯವೂ ಇಲ್ಲ. ತಾಯಿಗೆ ಹಾಲೂಡಿಸುತ್ತಲೇ ಸೋಫಾದಲ್ಲಿ ಜೋಂಪು ಹತ್ತುವುದು ಎಲ್ಲಕ್ಕಿಂತ ಕೆಟ್ಟದ್ದು, ಅಲ್ಲಿ ಕೂಸು ಮೆತ್ತೆಗಳ ಸಂದಿಗೆ ಜಾರುತ್ತದೆ. ದಿನ ತುಂಬದ ಕೂಸು, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ಇದ್ದರೆ ಜೊತೆ ಮಲಗುವುದೂ ಬೇಡ. ಮಂಚಕ್ಕೆ ಆನಿಸಿ ನಿಲ್ಲಿಸುವ, ಒಂದು ಕಡೆ ತೆರೆದ ಕಾಟುಗಳು ಈಗ ಬಂದಿವೆ. ಎರಡೂ ಹಾಸಿಗೆ ಒಂದೇ ಮಟ್ಟದಲ್ಲಿದ್ದು, ನಡುವೆ ಬಿರುಕು ಬಿಡದಂತೆ ಪಟ್ಟಿಯಿಂದ ಬಿಗಿದರೆ ನಮ್ಮ ಮನೆಗಳಿಗೆ ಅತ್ಯಂತ ಹೊಂದುವುದು ಇದೇ. ರಾತ್ರಿ ಮೂರು ಗಂಟೆಗೆ ಏಳಬೇಕಾದ ತಾಯಿಗೆ ಕೈಚಾಚಿದರೆ ಕೂಸು ಸಿಗುತ್ತದೆ.

ಕಡಿಮೆ ತೂಕದ ಕೂಸಿನ ಮಾತು ಬಂದದ್ದರಿಂದ ಒಂದು ತಿರುವು. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 18 ಕೂಸುಗಳು ಎರಡೂವರೆ ಕಿಲೋಗಿಂತ ಕಡಿಮೆ ತೂಕದವು. ನಮ್ಮ ಎಳೆಗೂಸುಗಳು ಹೆಚ್ಚಾಗಿ ಸಾಯುವುದು ದಿನ ತುಂಬದ ಹೆರಿಗೆ, ಸೋಂಕು, ಹುಟ್ಟುವಾಗಿನ ಉಸಿರುಕಟ್ಟು ಇವುಗಳಿಂದ. ಸಿಡ್ಸ್ ಭಯ ಹೊತ್ತು ಕಾಟಿನ ಅಳತೆ ಹಿಡಿಯುವಾಗ ಇದು ಮರೆಯಬಾರದು. ಇಂಥ ಪುಟ್ಟ ಕೂಸಿಗೆ ಮೊದಲ ಹಾಸಿಗೆ ತಾಯಿಯ ಎದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಶುರುವಾದ ಕಾಂಗರೂ ಆರೈಕೆ ಎಂದರೆ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ನೆಟ್ಟಗೆ ಕಟ್ಟಿಕೊಳ್ಳುವುದು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಸಾವು ಸುಮಾರು ಕಾಲುಭಾಗ ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ವ್ಯಾಪಕವಾಗಿ ಬಳಕೆಗೆ ತರುವ ಪ್ರಯತ್ನ ನಡೆದಿದೆ. ಅಂಥ ಮನೆಯಲ್ಲಿ ಕಾಟ್ ಆಮೇಲೆ ಬಂದರಾಯಿತು.

ಹಾಸಿಗೆ ಹೇಗಿರಬೇಕು? ಗಟ್ಟಿಯಾಗಿ. ಅಂಗೈಯಿಂದ ಒತ್ತಿ ತೆಗೆದರೆ ಗುರುತು ಉಳಿಯಬಾರದು. ಬೂರುಗದ ಹತ್ತಿಯ ಹಾಸಿಗೆ ನುಣುಪು, ಹಿತ, ಆದರೆ ಕೂಸಿನ ಮುಖ ಅದರಲ್ಲಿ ಇಳಿಯುತ್ತದೆ. ತೆಂಗಿನ ನಾರಿನ ಹಾಸಿಗೆ ಅಥವಾ ಒತ್ತಾದ ಫೋಮ್ ಒಳ್ಳೆಯದು. ದೊಡ್ಡವರಿಗೆ ಒರಟೆನಿಸುವ ಗಟ್ಟಿತನ ಕೂಸಿಗೆ ತೊಂದರೆಯಲ್ಲ. ಮೇಲೆ ಬಿಗಿಯಾದ ಹತ್ತಿ ದುಪಟಿ, ಒದ್ದೆ ತಡೆಯುವ ತೆಳು ಶೀಟು, ಅಷ್ಟೇ. ಅಜ್ಜಿ ಹೊಲಿದ ಕೌದಿಯನ್ನು ಮಡಚಿ ಅಡಿಗೆ ಹಾಸಬಹುದು, ಆದರೆ ಮುಖದ ತನಕ ಹೊದಿಸಬಾರದು. ಫಿನ್ಲೆಂಡ್ ಸರ್ಕಾರ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಕೂಸಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡುತ್ತಿದೆ. ತಳಕ್ಕೊಂದು ತೆಳು ಹಾಸಿಗೆ ಇರುವ ಆ ಪೆಟ್ಟಿಗೆಯಲ್ಲೇ ಬಹಳಷ್ಟು ಫಿನ್ನಿಶ್ ಕೂಸುಗಳು ಮೊದಲ ತಿಂಗಳು ಮಲಗಿ ಬೆಳೆದಿವೆ. ಬೆಲೆಗೂ ಸುರಕ್ಷತೆಗೂ ನಂಟು ಅಷ್ಟಕ್ಕಷ್ಟೇ.

ಸೆಖೆ, ಸೊಳ್ಳೆ, ಹೊಗೆ ಇವು ವಿದೇಶಿ ಸಲಹೆಗಳಲ್ಲಿ ಕಾಣಸಿಗುವುದು ಕಡಿಮೆ, ನಮಗೆ ದಿನನಿತ್ಯದ್ದು. ಕೋಣೆಯ ಉಷ್ಣತೆ 16ರಿಂದ 20 ಡಿಗ್ರಿ ಇರಲಿ ಎಂಬ ಬ್ರಿಟಿಷ್ ಸಲಹೆಯನ್ನು ಮೇ ತಿಂಗಳ ರಾಯಚೂರಿನಲ್ಲಿ ಓದಿದರೆ ನಗು ಬರುತ್ತದೆ. ಅಲ್ಲಿ ನೋಡಬೇಕಾದ್ದು ಕೂಸಿನ ಕತ್ತಿನ ಹಿಂಭಾಗ: ಬೆವೆತಿದ್ದರೆ ಬಟ್ಟೆ ಹೆಚ್ಚಾಯಿತು. ಕೂಸಿನ ಮೈಬಿಸಿ ತಲೆಯಿಂದಲೂ ಹೊರಹೋಗುತ್ತದೆ, ಹಾಗಾಗಿ ನಿದ್ದೆಯಲ್ಲಿ ಕುಲಾವಿ ಬೇಡ, ಹುಟ್ಟಿದ ಮೊದಲ ಗಂಟೆಗಳನ್ನು ಬಿಟ್ಟು. ಫ್ಯಾನ್ ಹಾಕಿದರೆ ಶೀತವಾಗುತ್ತದೆ ಎಂಬ ಬಾಣಂತಿ ಕೋಣೆಯ ಜಗಳಕ್ಕೆ 2008ರ ಒಂದು ಕ್ಯಾಲಿಫೋರ್ನಿಯಾ ಅಧ್ಯಯನ ಸೊಸೆಯ ಪರ ಸಾಕ್ಷಿ ಹೇಳುತ್ತದೆ. ಫ್ಯಾನ್ ತಿರುಗುವ ಕೋಣೆಯಲ್ಲಿ ಸಿಡ್ಸ್ ಕಡಿಮೆ ಕಂಡುಬಂತು. ನೇರ ಕೂಸಿನ ಮುಖಕ್ಕೆ ಬೀಸದಿದ್ದರೆ ಸಾಕು. ಸೊಳ್ಳೆಪರದೆ ಬೇಕೇ ಬೇಕು, ಅದೂ ಹಗಲಲ್ಲಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ಎಳೆಗೂಸು ಹಗಲಲ್ಲೂ ಮಲಗಿರುತ್ತದೆ. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲಂತೂ ಪರದೆ ಕಟ್ಟಲಾಗದ ಕಾಟನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಕೊಡೆಯಂತೆ ಬಿಚ್ಚುವ ಪರದೆಯ ಜೊತೆ ಬರುವ ಮೆತ್ತನೆಯ ಹಾಸಿಗೆ ದಿಂಬುಗಳನ್ನು ಪಕ್ಕಕ್ಕಿಟ್ಟು ಪರದೆಯೊಂದನ್ನೇ ಬಳಸಬಹುದು. ಬಾಣಂತಿಯ ಹೊರಸಿನ ಕೆಳಗೆ ಇಡುವ ಕೆಂಡ, ಸ್ನಾನದ ನಂತರದ ಸಾಂಬ್ರಾಣಿ ಹೊಗೆ ಮುಚ್ಚಿದ ಕೋಣೆಯಲ್ಲಿ ಕೂಸಿನ ಶ್ವಾಸಕೋಶಕ್ಕೆ ಸಲ್ಲದ ಉಪಚಾರ.

ಅಮೆರಿಕಕ್ಕೆ ಮಗಳ ಬಾಣಂತನಕ್ಕೆಂದು ಹೋಗುವ ನಮ್ಮ ಅಮ್ಮಂದಿರು ಈ ಎರಡು ಲೋಕಗಳ ನಡುವೆ ಸಿಕ್ಕಿಬೀಳುತ್ತಾರೆ. ಆಸ್ಪತ್ರೆಯ ನರ್ಸು ಖಾಲಿ ಕಾಟ್ ತೋರಿಸಿ ಕಳಿಸುತ್ತಾಳೆ, ಸೂಟ್‌ಕೇಸಿನಲ್ಲಿ ಸಾಸಿವೆ ದಿಂಬು, ಕುಂಚಿಗೆ, ಕೌದಿ ಕಾಯುತ್ತಿರುತ್ತವೆ. ಇಲ್ಲಿ ಅಮ್ಮನನ್ನು ಅನಾಗರಿಕಳೆಂದು ಬಗೆಯುವ ಮಗಳೂ, ನರ್ಸನ್ನು ಕಲ್ಲುಮನಸ್ಸಿನವಳೆಂದು ಬೈಯುವ ಅಮ್ಮನೂ ಸ್ವಲ್ಪ ತಾಳ್ಮೆ ತೋರಿದರೆ ಒಳಿತು. ಎಣ್ಣೆ ಹಚ್ಚುವುದು, ನೀರು ಹಾಕುವುದು, ಲಾಲಿ ಹಾಡುವುದು ಅಮ್ಮನ ಕ್ರಮದಲ್ಲಿ ನಡೆಯಲಿ, ನಿದ್ದೆ ನರ್ಸಿನ ಕ್ರಮದಲ್ಲಿ. ಬಟ್ಟೆಯಲ್ಲಿ ಸುತ್ತುವುದಕ್ಕೂ ಅಡ್ಡಿಯಿಲ್ಲ, ಕಾಲುಗಳನ್ನು ನೀಳವಾಗಿ ಬಿಗಿಯದೆ ತೊಡೆ ಮಡಚಲು ಸಡಿಲ ಬಿಟ್ಟರೆ ಆಯಿತು, ಮಗುಚುವ ಪ್ರಯತ್ನ ಶುರುವಾದ ದಿನ ಸುತ್ತುವುದನ್ನು ನಿಲ್ಲಿಸಬೇಕು.

ದೊಡ್ಡ ಮಕ್ಕಳ ಮಂಚವಾಗಿ ಬದಲಾಗುವ ಕಾಟ್ ಬೆಡ್ ಕೊಳ್ಳಬೇಕೇ ಎಂಬ ಪ್ರಶ್ನೆ ಬಹಳ ಜನರದು. ಸಾಮಾನ್ಯ ಕಾಟ್ 120 ಸೆಂಟಿಮೀಟರ್ ಉದ್ದ, 60 ಅಗಲ. ಕಾಟ್ ಬೆಡ್ 140 ಉದ್ದ, 70 ಅಗಲ. ಬೆಂಗಳೂರಿನ ಹತ್ತಡಿ ಕೋಣೆಯಲ್ಲಿ ದೊಡ್ಡ ಮಂಚ, ಬೀರು ಇಟ್ಟ ಮೇಲೆ ಈ ವ್ಯತ್ಯಾಸ ಕಾಲಿಗೆ ತಗುಲುತ್ತದೆ. ಮಗುವಿನ ಎತ್ತರ 90 ಸೆಂಟಿಮೀಟರ್ ಹತ್ತಿರ ಬಂದಾಗ ಕಟ್ಟನ್ನು ಹತ್ತಿ ಇಳಿಯುವ ಸಾಹಸ ಶುರುವಾಗುತ್ತದೆ, ಅಲ್ಲಿಗೆ ಕಾಟ್ ಮುಗಿಯಿತು. ಆಮೇಲೂ ನಮ್ಮ ಮಕ್ಕಳು ಅಪ್ಪ ಅಮ್ಮನ ಹಾಸಿಗೆಗೇ ನುಸುಳುವುದರಿಂದ, ಬದಲಾಗುವ ಮಂಚಕ್ಕೆ ಹೆಚ್ಚು ಹಣ ಸುರಿಯುವುದು ನನಗೆ ಸರಿಕಾಣದು.

ಬಡಗಿಯಿಂದ ಮಾಡಿಸುವುದಿದ್ದರೆ ಮೇಲೆ ಹೇಳಿದ ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಬಣ್ಣ ಬೇಕಾದರೆ 90 ಪಿಪಿಎಂ ಮೀರದ ಸೀಸವಿರುವುದೇ ಇರಲಿ, 2017ರ ನವೆಂಬರ್‌ನಿಂದ ನಮ್ಮಲ್ಲಿ ಮನೆಬಳಕೆಯ ಬಣ್ಣಕ್ಕೆ ಇದೇ ಮಿತಿ. ಹಲ್ಲು ಹುಟ್ಟುವ ಕೂಸು ಕಟ್ಟಿನ ತುದಿಯನ್ನು ಕಚ್ಚದೆ ಬಿಡದು. ತೂಗುಹಾಕುವ ಆಟಿಕೆಗೆ ಐಎಸ್‌ಐ ಗುರುತು ಇದೆಯೇ ನೋಡಿ, 2021ರಿಂದ ಅದು ಕಡ್ಡಾಯ. ನೆಂಟರ ಮನೆಯಿಂದ ಬಂದ ಹಳೆಯ ಕಾಟಾದರೆ ಸರಳುಗಳನ್ನು ಒಂದೊಂದಾಗಿ ಹಿಡಿದು ತಿರುಗಿಸಿ, ಹಾಸಿಗೆಯ ಹಲಗೆಯನ್ನು ಕೆಳಗಿನಿಂದ ತಟ್ಟಿ ನೋಡಿ. ಜಾರುವ ಕಟ್ಟಿದ್ದರೆ ತೆಗೆದುಕೊಳ್ಳಬೇಡಿ. ಮೂಲ ಬೋಲ್ಟು ಕಳೆದುಹೋಗಿ ಆ ಜಾಗದಲ್ಲಿ ತಂತಿ ಸುತ್ತಿದ್ದರೂ ತೆಗೆದುಕೊಳ್ಳಬೇಡಿ, ಕೊಟ್ಟವರು ಎಷ್ಟೇ ಹತ್ತಿರದವರಾಗಿರಲಿ.